ಗುಡುಗಿದ ಮೇಲಿನ ಮೊದಲ ಸಂದೇಶ

‘ರೈಟ್ ಎರರ್: ಬ್ರೋಕನ್ ಪೈಪ್.’ ಹನ್ನೊಂದು ತಿಂಗಳಲ್ಲಿ ಈ ಸಾಲು ಒಂಬತ್ತು ಸಲ ಬಂದಿತ್ತು. ಬರೀ ಒಂಬತ್ತು ಸಲ! ದಿನಾ ಕೆಡುವ ಯಂತ್ರವಾದರೆ ಬಿಚ್ಚಿ ಕೂತು ಸಂಜೆಯೊಳಗೆ ಸರಿ ಮಾಡಬಹುದು. ತಿಂಗಳಿಗೊಮ್ಮೆ ಕೆಟ್ಟು, ನಾವು ಓಡಿಹೋಗಿ ಮುಟ್ಟುವಷ್ಟರಲ್ಲಿ ಏನೂ ಆಗದವರ ಹಾಗೆ ಸರಿಯಾಗಿ ಕೂತಿರುವ ಯಂತ್ರವನ್ನು ಏನು ಮಾಡುವುದು? ಎತ್ತಿ ಭದ್ರಾ ಹಿನ್ನೀರಿಗೆ ಎಸೆಯೋಣ ಅನ್ನಿಸುವಷ್ಟು ಸಿಟ್ಟು ಬರುತ್ತಿತ್ತು ನನಗೆ.

ಯಂತ್ರ ಅಂದರೆ ನಮ್ಮ ಸೀತೂರಿನ ಆನೆ ಸೈರನ್ನು. ಕಾಡಂಚಿನಲ್ಲಿ, ಆನೆ ಇಳಿಯುವ ದಾರಿಯಲ್ಲಿ ಕಂಬ ನೆಟ್ಟು ಒಂದು ಪೆಟ್ಟಿಗೆ ಕೂರಿಸಿದ್ದೇವೆ. ಆನೆಯೋ ಕಾಟಿ ಅನ್ನುವ ಕಾಡುಕೋಣವೋ ಎದುರು ಹಾದರೆ ಅದು ಗುರುತಿಸಿ, ಒಂದೂವರೆ ಕಿಲೋಮೀಟರ್ ಕೆಳಗೆ ಸುಬ್ಬರಾಯ ಭಟ್ಟರ ಮನೆಯಲ್ಲಿರುವ ಇನ್ನೊಂದು ಪೆಟ್ಟಿಗೆಗೆ ಸಂದೇಶ ಕಳಿಸುತ್ತದೆ. ಅವರ ಮಾಡಿನ ಮೇಲಿನ ಸೈರನ್ ಕೂಗಿದರೆ ಊರಿಗೆಲ್ಲ ಕೇಳುತ್ತದೆ. ಎರಡು ಪೆಟ್ಟಿಗೆಯೊಳಗೂ ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್ ಓಡುವ ಅಂಗೈಯಗಲದ ಕಂಪ್ಯೂಟರ್. ಊರವರು ಸಮಿತಿ ಮಾಡಿಕೊಂಡು ಹೊರಗಿನ ಒಂದು ಕಂಪನಿಯಿಂದ ತರಿಸಿದ್ದು. ಕಂಬ ಹತ್ತಿದ್ದು, ಕೇಬಲ್ ಎಳೆದದ್ದು ನಾನು. ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟು ನರಸಿಂಹರಾಜಪುರದ ಪ್ರಶಾಂತಣ್ಣನ ಕೇಬಲ್ ಆಫೀಸು ಸೇರಿದವನು ನಾನು. ಲಿನಕ್ಸ್ ಕಲಿತದ್ದು ಆ ಆಫೀಸಿನ ಮೂಲೆಯಲ್ಲಿ ಬಿದ್ದಿದ್ದ ಹಳೆಯ ಕಂಪ್ಯೂಟರಿನಲ್ಲಿ, ಕೆಡಿಸಿ ಕೆಡಿಸಿ.

ನನ್ನನ್ನು ಸಾಕಿದ ಚಿಕ್ಕಮ್ಮ ಗುಡ್ಡಮ್ಮ ರಬ್ಬರ್ ತೋಟದಲ್ಲಿ ಹಾಲು ತೆಗೆಯುವವಳು. ರಬ್ಬರ್ ಮರವನ್ನು ಬೆಳಕು ಹರಿಯುವಾಗಲೇ ಗೀರಬೇಕು, ಬಿಸಿಲೇರಿದರೆ ಹಾಲು ಇಳಿಯುವುದಿಲ್ಲ. ಹಾಗಾಗಿ ಆರು ಗಂಟೆಗೂ ಮೊದಲೇ ಅವಳು ಕಾಡಂಚಿನ ದಾರಿಯಲ್ಲಿ ಒಬ್ಬಳೇ ನಡೆಯಬೇಕು. ಸೈರನ್ ಬಂದ ಮೇಲೆ ನಾನೇ ಅವಳಿಗೆ ಹೇಳಿದ್ದೆ: “ಕೂಗಲಿಲ್ಲ ಅಂದ್ರೆ ಆನೆ ಇಲ್ಲ ಅಂತ ಅರ್ಥ. ಧೈರ್ಯವಾಗಿ ಹೋಗು.”

ಏಪ್ರಿಲ್ ಹದಿನಾರರ ಬೆಳಿಗ್ಗೆ ಅದು ಕೂಗಲಿಲ್ಲ. ಅವಳು ಧೈರ್ಯವಾಗಿ ಹೋದಳು. ತಿರುವಿನಲ್ಲಿ ಒಂಟಿ ಸಲಗ ನಿಂತಿತ್ತು. ಹಿಂದೆ ತಿರುಗಿ ಓಡಿದವಳು ದಾರಿಬದಿಯ ಬಸಿಗಾಲುವೆಗೆ ಬಿದ್ದು ಎಡಗೈ ಮಣಿಕಟ್ಟು ಮುರಿದುಕೊಂಡಳು. ಕೊಪ್ಪದ ಆಸ್ಪತ್ರೆಗೆ ಜೀಪಿನಲ್ಲಿ ಕರೆದುಕೊಂಡು ಹೋಗುವಾಗ ಒಮ್ಮೆಯೂ ನರಳಲಿಲ್ಲ. ಬಾಳಗಡಿ ದಾಟಿದ ಮೇಲೆ ಒಂದೇ ಮಾತು ಕೇಳಿದಳು: “ಅದು ಕೂಗಲಿಲ್ಲ ಅಲ್ವೇನೋ? ನಾನೇ ಕೇಳಿಸಿಕೊಳ್ಳಲಿಲ್ವಾ?”



ಮರುವಾರ ಕಂಪನಿಯ ಎಂಜಿನಿಯರ್ ಅವಿನಾಶ ಬಂದ. ನನಗಿಂತ ಎರಡು ಮೂರು ವರ್ಷ ದೊಡ್ಡವನಿರಬೇಕು. ಲ್ಯಾಪ್‌ಟಾಪಿನಲ್ಲಿ ಕಾಡಿನ ಪೆಟ್ಟಿಗೆಯ ಲಾಗ್, ಅಂದರೆ ಅದು ತಾನೇ ಬರೆದಿಡುವ ದಿನಚರಿ, ತೆರೆದು, ಬೆರಳಿಟ್ಟು ತೋರಿಸಿದ.

“ಹದಿನಾರನೇ ತಾರೀಖು, ಬೆಳಿಗ್ಗೆ ಐದು ನಲವತ್ತೆರಡು. ನೋಡು ಯೋಗೇಂದ್ರ, ಇಪ್ಪತ್ತೇಳು ಬೈಟ್, ರೈಟ್ ಓಕೆ. ಸಂದೇಶ ಹೋಗಿದೆ. ಸೈರನ್ ಕೂಗಿಲ್ಲ ಅಂದ್ರೆ ಮನೆಯವರು ಅದನ್ನ ಆಫ್ ಮಾಡಿಟ್ಟಿರ್ತಾರೆ. ಬೆಳಗಿನ ನಿದ್ದೆ ಕೆಡತ್ತಲ್ಲ.”

“ಹಾಗಾದ್ರೆ ಈ ಬ್ರೋಕನ್ ಪೈಪ್ ಎಂತದ್ದು?”

“ಅದು ಹದಿನೆಂಟರದ್ದು. ಎರಡು ದಿನ ಆದ್ಮೇಲೆ ಬಂದಿದ್ದು. ಹದಿನಾರಕ್ಕೂ ಇದಕ್ಕೂ ಸಂಬಂಧ ಇಲ್ಲ. ನಿನ್ನ ಜಾಯಿಂಟ್ ಎಲ್ಲೋ ಲೂಸ್ ಇರಬೇಕು.”

“ನನ್ನ ಜಾಯಿಂಟಾ?”

“ಶೃಂಗೇರಿ ಹತ್ರ ಒಂದೂರಲ್ಲಿ ಇದೇ ಪೆಟ್ಟಿಗೆ, ಇದೇ ಪ್ರೋಗ್ರಾಮ್. ಒಂದು ಸಲವೂ ಎರರ್ ಬಂದಿಲ್ಲ. ಅಂದ್ಮೇಲೆ ತಪ್ಪು ಎಲ್ಲಿರತ್ತೆ, ನೀನೇ ಹೇಳು.”

ಸಮಿತಿಯಲ್ಲಿ ಗಲಾಟೆಯಾಯಿತು. ಭಟ್ಟರ ಮನೆಯವರು ಬೇಕೆಂದೇ ಆಫ್ ಮಾಡಿದರು ಎಂದು ಅರ್ಧ ಜನ, ಕೇಬಲ್ ಎಳೆದವನಿಗೇ ಕೆಲಸ ಬರುವುದಿಲ್ಲ ಎಂದು ಇನ್ನರ್ಧ ಜನ. ಕೊನೆಗೆ ತೀರ್ಮಾನವಾದದ್ದು ಇಷ್ಟು: ಮುಂದಿನ ಗುರುವಾರದೊಳಗೆ ಕಾರಣ ಸಿಗದಿದ್ದರೆ ಅವಿನಾಶ ಎರಡೂ ಪೆಟ್ಟಿಗೆ ಬಿಚ್ಚಿಕೊಂಡು ಹೋಗಲಿ. ಸುಳ್ಳು ಧೈರ್ಯ ಕೊಡುವ ಸೈರನ್ ಇರುವುದಕ್ಕಿಂತ ಇಲ್ಲದಿರುವುದೇ ವಾಸಿ. ಈ ಮಾತು ನನಗೂ ಸರಿಯೆನ್ನಿಸಿತು. ಆದರೆ ಬ್ಯಾಂಡೇಜು ಬಿಚ್ಚಿದ ಮಾರನೇ ದಿನ ಗುಡ್ಡಮ್ಮ ಮತ್ತೆ ಅದೇ ದಾರಿ ಹಿಡಿಯುತ್ತಾಳೆ. ಬೇಡ ಎಂದರೆ ಕೇಳುವ ಹೆಂಗಸಲ್ಲ. ಆಗ ಅವಳ ಕಿವಿಗೆ ಸುಳ್ಳು ಸೈರನ್ನೂ ಇಲ್ಲ, ನಿಜದ್ದೂ ಇಲ್ಲ.

ಭಾನುವಾರ, ಸೋಮವಾರ ಎರಡು ದಿನ ಒಂದೊಂದೇ ಕಂಬ ಹತ್ತಿ ಜಾಯಿಂಟ್ ಪರೀಕ್ಷೆ ಮಾಡಿದೆ. ಒಂದೂ ಲೂಸ್ ಇರಲಿಲ್ಲ. ಬೇಕಾದರೆ ಯಾವ ಎಂಜಿನಿಯರನ್ನಾದರೂ ಕಂಬ ಹತ್ತಿಸಿ ತೋರಿಸುತ್ತೇನೆ! ನನ್ನ ಜಾಯಿಂಟ್ ಸರಿ ಇದ್ದ ಮೇಲೆ ಉಳಿದದ್ದು ಒಂದೇ. ಮಂಗಳವಾರ ಬೆಳಿಗ್ಗೆ ಜಗಳಕ್ಕೆ ಸಿದ್ಧನಾಗಿಯೇ ಭಟ್ಟರ ಮನೆಗೆ ಹೋದೆ.

ಭಟ್ಟರ ಹೆಂಡತಿ ಗೋದಾವರಮ್ಮ ಜಗಲಿಯಲ್ಲಿ ಕೈಗೆ ಎಣ್ಣೆ ಸವರಿಕೊಂಡು ಹಲಸಿನ ಸೊಳೆ ಬಿಡಿಸುತ್ತಿದ್ದರು.

“ಅಮ್ಮಾ, ನೇರವಾಗಿ ಕೇಳ್ತೀನಿ. ಸೈರನ್ ಆಫ್ ಮಾಡಿದ್ದು ಯಾರು?”

“ಎಂತ?” ಅವರು ಕೈಯಲ್ಲಿದ್ದ ಸೊಳೆಯನ್ನು ಬುಟ್ಟಿಗೆ ಒಗೆದರು. “ಆ ಎಂಜಿನಿಯರು ಊರೆಲ್ಲ ಹೇಳ್ಕೊಂಡು ಹೋದ. ಈಗ ನೀನೂ ಶುರು ಮಾಡಿದ್ಯಾ? ಗುಡ್ಡಮ್ಮನಿಗೂ ನನಗೂ ಎಷ್ಟು ವರ್ಷದ ಒಡನಾಟ ಅಂತ ನಿಂಗೆ ಗೊತ್ತುಂಟಾ? ನೀನು ಹುಟ್ಟೋ ಮೊದಲಿನದ್ದು. ಅವಳ ಕೈ ಮುರಿಲಿ ಅಂತ ನಾನು ಸ್ವಿಚ್ ಆಫ್ ಮಾಡ್ತೀನಾ? ಬಾಯಿ ಬಿಟ್ಟು ಹೇಳು ನೋಡುವ!”

ನನ್ನ ಸಿಟ್ಟು ಅವರ ಸಿಟ್ಟಿನ ಮುಂದೆ ಕುಳ್ಳಗಾಯಿತು. ಸದ್ದು ಕೇಳಿ ಸುಬ್ಬರಾಯ ಭಟ್ಟರು ಒಳಗಿನಿಂದ ಬಂದರು.

“ಕೂತ್ಕೊ ಮಾರಾಯ. ಅದೆಂತದೋ ಪೈಪು ಒಡೆದದ್ದು ಅಂದ್ರಲ್ಲ. ಯಾವ ಪೈಪು? ತೋಟದ್ದಾ?”

“ನೀರಿನ ಪೈಪಲ್ಲ ಭಟ್ರೇ. ಎರಡು ಪೆಟ್ಟಿಗೆ ಮಾತಾಡಿಕೊಳ್ಳೋ ದಾರಿ. ಸಾಕೆಟ್ ಅಂತಾರೆ. ಒಂದು ಸಲ ತೆರೆದ್ರೆ ತೆರೆದೇ ಇರತ್ತೆ. ಕಾಡಿನ ಪೆಟ್ಟಿಗೆ ಅದರೊಳಗೆ ಬರೀತದೆ, ಈ ಕಡೆಯ ಪೆಟ್ಟಿಗೆ ಓದ್ತದೆ. ಒಂಬತ್ತು ಸಲ ಬರೆಯೋಕೆ ಹೋದಾಗ ದಾರಿ ಮುರಿದಿತ್ತು.”

“ತಾರೀಖು ಹೇಳು. ಮಳೆಗೆ ನಿನ್ನ ಡಬ್ಬಿಯೊಳಗೆ ನೀರು ಹೋಗಿರ್ತದೆ. ನನ್ನ ಹತ್ರ ನಲವತ್ತೊಂದು ವರ್ಷದ ಮಳೆ ಬರೆದದ್ದು ಉಂಟು.”

ಭಟ್ಟರು ದಿನಾ ಬೆಳಿಗ್ಗೆ ಅಂಗಳದ ಮಳೆಮಾಪಕ ನೋಡಿ ಇಂಚು, ಇಂಚಿನ ನೂರನೇ ಭಾಗವಾದ ಸೆಂಟ್ಸಿನ ಲೆಕ್ಕದಲ್ಲಿ ಬರೆದಿಡುವವರು. ಉದ್ದನೆಯ ನೋಟುಪುಸ್ತಕ ತಂದು ಕನ್ನಡಕ ಹಾಕಿಕೊಂಡರು. ನಾನು ಎರರ್ ಬಂದ ತಾರೀಖುಗಳನ್ನು ಓದಿದೆ.

“ಅಕ್ಟೋಬರ್ ಹದಿಮೂರು.”

“ಮಳೆ ಇಲ್ಲ.”

“ಅಕ್ಟೋಬರ್ ಇಪ್ಪತ್ತೆರಡು.”

“ಇಲ್ಲ.”

“ನವೆಂಬರ್ ಐದು. ಮಾರ್ಚ್ ಇಪ್ಪತ್ತೆಂಟು.”

“ಹನಿ ಇಲ್ಲ, ಹನಿ ಇಲ್ಲ.” ಭಟ್ಟರಿಗೇ ನಿರಾಸೆಯಾಯಿತು. “ಜುಲೈಯಲ್ಲಿ ಒಂದೇ ವಾರ ಹತ್ತೊಂಬತ್ತು ಇಂಚು ಹೊಡೀತು. ಆವಾಗ ಒಡೀಲಿಲ್ವಾ?”

“ಜೂನಿಂದ ಸೆಪ್ಟೆಂಬರ್ ತನಕ ಒಂದೂ ಎರರ್ ಇಲ್ಲ.”

“ಮಳೆಗಾಲದಲ್ಲಿ ಗಟ್ಟಿ, ಬಿಸಿಲಲ್ಲಿ ಒಡೀತದೆ. ಬಹಳ ಚಂದದ ಪೈಪು ಮಾರಾಯ ನಿಂದು.”

ನಾನು ಪುಸ್ತಕದ ಮೇಲೆ ಬಗ್ಗಿದೆ. ಪುಟದ ಅಂಚಿನಲ್ಲಿ ಅಲ್ಲಲ್ಲಿ ಕೆಂಪು ಪೆನ್ಸಿಲಿನ ಸಣ್ಣ ಗುರುತುಗಳಿದ್ದವು. ಅಕ್ಟೋಬರ್ ಹನ್ನೊಂದಕ್ಕೆ ಒಂದು. ಇಪ್ಪತ್ತೊಂದಕ್ಕೆ ಒಂದು. ನವೆಂಬರ್ ನಾಲ್ಕಕ್ಕೆ. ಮಾರ್ಚ್ ಇಪ್ಪತ್ತಾರಕ್ಕೆ. ಏಪ್ರಿಲ್ ಹಾಳೆಗೆ ಹಾರಿದೆ. ಹದಿನೈದಕ್ಕೆ ಒಂದು! ಗುಡ್ಡಮ್ಮ ಬಿದ್ದ ಹಿಂದಿನ ದಿನ! ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಹಾಳೆಗಳಲ್ಲಿ ಹುಡುಕಿದೆ. ಒಂದೂ ಇಲ್ಲ.

“ಈ ಕೆಂಪು ಗುರುತು ಎಂತಕ್ಕೆ ಭಟ್ರೇ?”

“ಗುಡುಗಿದ ದಿನದ್ದು. ನಡುಮಳೆಗಾಲದಲ್ಲಿ ಗುಡುಗು ಎಲ್ಲುಂಟು? ಮುಂಚೆ ಒಂದಿಷ್ಟು, ಆಮೇಲೆ ಒಂದಿಷ್ಟು. ಕೆಲವು ಸಲ ಬರೀ ಗುಡುಗೋದೇ, ಹನಿ ಬೀಳೋದಿಲ್ಲ.”

ಒಂಬತ್ತು ತಾರೀಖನ್ನೂ ಹಿಡಿದು ನೋಡಿದೆ. ಒಂಬತ್ತಕ್ಕೂ ಹಿಂದಿನ ಮೂರು ದಿನದೊಳಗೆ ಗುಡುಗು! ನಾನು ಗೋದಾವರಮ್ಮನ ಕಡೆ ತಿರುಗಿದೆ.

“ಅಮ್ಮಾ, ಗುಡುಗಿದಾಗ ನೀವು ಎಂತ ಮಾಡ್ತೀರಿ?”

“ಎಂತ ಮಾಡ್ಲಿ? ಪ್ಲಗ್ ಎಳೀತೀನಿ. ಮೊದಲನೇ ಗುಡುಗಿಗೇ ಟೀವಿ, ಫ್ರಿಜ್ಜು, ನಿನ್ನ ಮೋಡೆಮ್ಮು, ಎಲ್ಲ. ಗುಡುಗು ನಿಂತ ಮೇಲೆ ಮತ್ತೆ ಹಾಕ್ತೀನಿ. ನೀನೇ ಹೇಳಿದ್ದಲ್ವಾ, ಇಲ್ಲದಿದ್ರೆ ಸಿಡಿಲಿಗೆ ಸುಟ್ಟು ಹೋಗ್ತದೆ ಅಂತ?”

ಹೌದು, ನಾನೇ ಹೇಳಿದ್ದು. ಫೈಬರ್ ಎಳೆದ ಪ್ರತಿ ಮನೆಯಲ್ಲೂ ಹೇಳುತ್ತೇನೆ. ಮಲೆನಾಡಿನಲ್ಲಿ ಹೇಳದಿದ್ದರೆ ವರ್ಷಕ್ಕೆ ನೂರು ಮೋಡೆಮ್ ಸುಡುತ್ತವೆ. ಆ ಮೋಡೆಮ್ಮಿನ ಬೋರ್ಡಿಗೇ ಸೈರನ್ ಪೆಟ್ಟಿಗೆಯನ್ನೂ ಸಿಕ್ಕಿಸಿದವನು ಯಾರು? ಅದೂ ನಾನೇ. ಊರವರ ಮೇಲೆ, ಕಂಪನಿಯ ಮೇಲೆ, ಭಟ್ಟರ ಮೇಲೆ ಎರಡು ವಾರದಿಂದ ಕುದಿಯುತ್ತಿದ್ದ ಸಿಟ್ಟೆಲ್ಲ ತಿರುಗಿ ಬಂದು ನನ್ನ ಮುಖಕ್ಕೇ ಬಡಿಯಿತು. ಆದರೆ ನಿಜ ಹೇಳಬೇಕೆಂದರೆ, ಆ ಕ್ಷಣದಲ್ಲಿ ನಾಚಿಕೆಗಿಂತ ಖುಷಿಯೇ ಹೆಚ್ಚಿತ್ತು. ಸಿಕ್ಕಿತ್ತು! ಬಾಲ ಸಿಕ್ಕಿತ್ತು!

ಲ್ಯಾಪ್‌ಟಾಪ್ ತೆಗೆದು ಅವರ ಮನೆಯ ವೈಫೈ ಮೂಲಕವೇ ಕಾಡಿನ ಪೆಟ್ಟಿಗೆಯೊಳಗೆ ಹೊಕ್ಕೆ. ಪ್ರೋಗ್ರಾಮು ಆಪರೇಟಿಂಗ್ ಸಿಸ್ಟಮಿಗೆ ಏನು ಕೇಳುತ್ತದೆ, ಅದು ಏನು ಉತ್ತರ ಕೊಡುತ್ತದೆ ಎಂದು ಸಾಲುಸಾಲಾಗಿ ತೋರಿಸುವ ಒಂದು ಉಪಾಯ ಲಿನಕ್ಸಿನಲ್ಲಿದೆ. ಅದನ್ನು ಹಚ್ಚಿಟ್ಟೆ.

“ಅಮ್ಮಾ, ಈಗ ಗುಡುಗಿತು ಅಂತ ತಿಳ್ಕೊಳ್ಳಿ. ಎಳೀರಿ!”

“ಬಿಸಿಲು ಸುರೀತಾ ಉಂಟಲ್ಲೋ.”

“ಎಳೀರಿ ಅಮ್ಮಾ!”

ಎಳೆದರು. ಎರಡು ನಿಮಿಷ ಬಿಟ್ಟು ಮತ್ತೆ ಹಾಕಿದರು. ಮೋಡೆಮ್ಮಿನ ಹಸಿರು ದೀಪಗಳು ಬಂದವು, ಸೈರನ್ ಪೆಟ್ಟಿಗೆಯೂ ಎದ್ದು ಕೂತಿತು. ನಾನು ಮತ್ತೆ ಕಾಡಿನ ಪೆಟ್ಟಿಗೆಗೆ ಹೊಕ್ಕು, ಆನೆ ಬಂತು ಎಂಬ ಸುಳ್ಳು ಸಂದೇಶ ಒತ್ತಿದೆ.

ಇಪ್ಪತ್ತೇಳು ಬೈಟ್. ರೈಟ್ ಓಕೆ.

ಮೂವರೂ ಕತ್ತೆತ್ತಿ ಮಾಡು ನೋಡಿದೆವು. ಸೈರನ್ ಸುಮ್ಮನಿತ್ತು. ತೋಟದಲ್ಲಿ ಯಾರದೋ ಕತ್ತಿಯ ಸದ್ದು ಬಿಟ್ಟರೆ ಬೇರೇನೂ ಇಲ್ಲ.

ಎರಡನೇ ಸಲ ಒತ್ತಿದೆ. ರೈಟ್ ಎರರ್: ಬ್ರೋಕನ್ ಪೈಪ್!

“ಬಂತು! ಭಟ್ರೇ, ಹತ್ತನೇದು ಬಂತು! ಕೈಯಾರೆ ತರಿಸಿದ್ದು!”

ಮೂರನೇ ಸಲ ಒತ್ತಿದೆ. ಸೈರನ್ ಗಂಟಲು ಕಿತ್ತುಕೊಂಡು ಕೂಗಿತು. ಅಂಗಳದ ಕಾಗೆಗಳೆಲ್ಲ ಹಾರಿದವು, ಕೊಟ್ಟಿಗೆಯಲ್ಲಿ ಕರು ಹಗ್ಗ ಜಗ್ಗಿತು, ಭಟ್ಟರು ಮಳೆಪುಸ್ತಕದಿಂದಲೇ ಕಿವಿ ಮುಚ್ಚಿಕೊಂಡರು. ನಾನು ಜಗಲಿಯಿಂದ ಅಂಗಳಕ್ಕೆ ನೆಗೆದು ಕುಣಿದೆ.

“ತಡಿ ತಡಿ,” ಗೋದಾವರಮ್ಮನ ಮುಖದಲ್ಲಿ ಗೊಂದಲ ಹಾಗೇ ಇತ್ತು. “ಮೊದಲನೇದಕ್ಕೆ ಓಕೆ ಅಂತ ಬಂತಲ್ಲ? ಓಕೆ ಬಂದ್ರೂ ಯಾಕೆ ಕೂಗಲಿಲ್ಲ?”

“ಅದೇ ಅಮ್ಮಾ ಮೋಸ! ಜಯಪುರದಲ್ಲಿ ಬಸ್ ಕಂಡಕ್ಟರ್ ಕೈಗೆ ಪಾರ್ಸೆಲ್ ಕೊಟ್ಟು ಕಳಿಸ್ತೀವಲ್ಲ, ಹಾಗೆ. ಕಂಡಕ್ಟರ್ ಇಸ್ಕೊಂಡ ಅಂದ್ರೆ ಓಕೆ. ಅಷ್ಟೇ ಅದರ ಅರ್ಥ. ಈ ಕಡೆ ಸ್ಟಾಪಲ್ಲಿ ಇಸ್ಕೊಳ್ಳೋಕೆ ಜನ ಇದ್ದಾರೋ ಇಲ್ವೋ ಅವನಿಗೇನು ಗೊತ್ತು? ನೀವು ಪ್ಲಗ್ ಎಳೆದು ಹಾಕಿದಾಗ ಈ ಪೆಟ್ಟಿಗೆ ಹೊಸದಾಗಿ ಹುಟ್ಟಿ ಬರ್ತದೆ. ಹಳೇ ದಾರಿ ಇದಕ್ಕೆ ನೆನಪಿಲ್ಲ. ಇದು ಹೊಸದಾಗಿ ಹುಟ್ಟಿದ್ದು ಕಾಡಿನದಕ್ಕೆ ಗೊತ್ತೇ ಇಲ್ಲ. ಅದು ಹಳೇ ದಾರಿಯಲ್ಲೇ ಕಳಿಸ್ತದೆ. ಇದು ‘ನೀನ್ಯಾರು?’ ಅಂತ ವಾಪಸ್ ಅಟ್ಟತ್ತೆ. ಆ ವಿಷಯ ಆ ಪ್ರೋಗ್ರಾಮಿಗೆ ತಿಳಿಯೋದು ಎರಡನೇ ಸಲ ಬರೆಯೋಕೆ ಹೋದಾಗ. ಆವಾಗ ಎರರ್ ಅಂತ ಕೂಗಿ, ಹೊಸ ದಾರಿ ತೆರೀತದೆ. ಮೂರನೇದು ಸರಿಯಾಗಿ ಬರ್ತದೆ.”

ಹದಿನೈದರ ಸಂಜೆ ಗುಡುಗಿತ್ತು. ಹದಿನಾರರ ಬೆಳಿಗ್ಗೆ ಆನೆ ಹಾದಾಗ ಹೋದದ್ದು ಮೊದಲನೆಯ ಸಂದೇಶ. ಹದಿನೆಂಟಕ್ಕೆ ಯಾವುದೋ ಕಾಟಿ ಹಾದಾಗ ಎರಡನೆಯದು. ನಾವೆಲ್ಲ ಎರರ್ ಎಂದು ಬರೆದ ಸಾಲನ್ನೇ ನೋಡುತ್ತ ಕೂತಿದ್ದೆವು. ಕೈ ಮುರಿದದ್ದು ಓಕೆ ಎಂದು ಬರೆದ ಸಾಲು!

“ಪಾರ್ಸೆಲ್ ಕಳಿಸಿದ ಮೇಲೆ ಸಿಕ್ತಾ ಅಂತ ಫೋನ್ ಮಾಡ್ಬೇಕಪ್ಪ,” ಗೋದಾವರಮ್ಮ ಮತ್ತೆ ಹಲಸಿಗೆ ಕೈ ಹಾಕಿದರು. “ಸಿಕ್ತು ಅನ್ನೋ ತನಕ ನಾನಂತೂ ಬಿಡೋದಿಲ್ಲ.”

ನಾನು ಬರೆದದ್ದು ಅದನ್ನೇ. ಅದೇ ಜಗಲಿಯಲ್ಲಿ, ಮಧ್ಯಾಹ್ನದ ಊಟ ಅಲ್ಲೇ ಮುಗಿಸಿ, ಸಂಜೆಯೊಳಗೆ. ಕಾಡಿನ ಪೆಟ್ಟಿಗೆ ಪ್ರತಿ ನಿಮಿಷಕ್ಕೆ ‘ಇದ್ದೀಯಾ?’ ಎಂದು ಕೇಳಬೇಕು. ಮನೆಯ ಪೆಟ್ಟಿಗೆ ‘ಇದ್ದೀನಿ’ ಎನ್ನಬೇಕು. ಉತ್ತರ ಬಾರದಿದ್ದರೆ ಹಳೆಯ ದಾರಿ ಮುಚ್ಚಿ ಹೊಸದು ತೆರೆಯಬೇಕು. ಆನೆಯ ಸಂದೇಶಕ್ಕೆ ‘ಸಿಕ್ಕಿತು’ ಎಂಬ ಮರುಮಾತು ಬರುವವರೆಗೆ ಅದನ್ನು ಕೈಬಿಡಬಾರದು. ಮತ್ತೆ ಮತ್ತೆ ಕಳಿಸುತ್ತಲೇ ಇರಬೇಕು.

ಗುರುವಾರ ಅವಿನಾಶ ಸ್ಪ್ಯಾನರ್ ಹಿಡಿದುಕೊಂಡೇ ಬಂದ. ಸಮಿತಿಯವರು, ಕೈಯನ್ನು ಕೊರಳಿಗೆ ಕಟ್ಟಿಕೊಂಡ ಗುಡ್ಡಮ್ಮ, ಎಲ್ಲ ಜಗಲಿಯಲ್ಲಿ ಸೇರಿದ್ದರು. ಹಳೆಯ ಪ್ರೋಗ್ರಾಮಿನಲ್ಲಿ ಒಂದು ಸಲ, ಹೊಸದರಲ್ಲಿ ಒಂದು ಸಲ, ಪ್ಲಗ್ ಎಳೆಸಿ ತೋರಿಸಿದೆ. ಅವಿನಾಶ ಒಪ್ಪಲಿಲ್ಲ.

“ಪ್ಲಗ್ ಎಳೆಯೋದು ಯೂಸರ್ ಮಿಸ್ಟೇಕ್. ಎಳೀಬಾರದು ಅಂತ ಒಂದು ಚೀಟಿ ಅಂಟಿಸಿದ್ರೆ ಮುಗೀತು.”

“ಎಳೆದೇ ಎಳೀತಾರೆ!” ನನ್ನ ದನಿ ಏರಿತು. “ಗುಡುಗೋ ಊರಲ್ಲಿ ಗುಡುಗಿದಾಗ ಪ್ಲಗ್ ಎಳೀಬೇಡಿ ಅಂತೀಯಾ? ಮನೆ ಸುಟ್ಕೋಬೇಕಾ? ಜನ ಮಾಡೋದಕ್ಕೆ ತಕ್ಕಂತೆ ಪೆಟ್ಟಿಗೆ ಇರಬೇಕು ಕಣಯ್ಯಾ!”

ಗೋದಾವರಮ್ಮ ತಣ್ಣಗೆ ಕೇಳಿದರು. “ಅವಿನಾಶ, ಶೃಂಗೇರಿ ಕಡೆ ಸೈರನ್ ಯಾರ ಮನೆಯಲ್ಲಿ ಇಟ್ಟಿದ್ದೀಯಪ್ಪ?”

“ಮನೆಯಲ್ಲಲ್ಲ. ಒಂದು ಗೋಡೌನಲ್ಲಿ. ಬೀಗ ಹಾಕಿರ್ತಾರೆ.”

“ಹಾಂ. ಅಲ್ಲಿ ಪ್ಲಗ್ ಎಳೆಯುವ ಹೆಂಗಸಿಲ್ಲ.”

ಜಗಲಿಯವರೆಲ್ಲ ನಕ್ಕರು. ಅವಿನಾಶನೂ ಸ್ವಲ್ಪ ಹೊತ್ತಿಗೆ ನಕ್ಕ. ಆಮೇಲೆ ಸ್ಪ್ಯಾನರ್ ಕೆಳಗಿಟ್ಟು ನಾನು ಬರೆದದ್ದನ್ನು ಮೊದಲಿಂದ ಕೊನೆಯವರೆಗೆ ಓದಿದ. “ಒಂದು ತಪ್ಪಿದೆ,” ಅಂದ. ನನಗೆ ಮತ್ತೆ ಸಿಟ್ಟು ಏರುವಷ್ಟರಲ್ಲಿ ತೋರಿಸಿದ: “ಸಂದೇಶ ಕೈಯಲ್ಲಿ ಹಿಡ್ಕೊಂಡಿರುವಾಗ ಕಾಡಿನ ಪೆಟ್ಟಿಗೆಯೇ ಆಫ್ ಆಗಿ ಆನ್ ಆದ್ರೆ? ಫೈಲಿಗೆ ಬರೆದಿಡು.” ಸರಿಯಾಗಿಯೇ ಹೇಳಿದ್ದ. ಬರೆದೆ.

ಎಲ್ಲ ಮುಗಿಯಿತು ಎನ್ನುವಾಗ ಗುಡ್ಡಮ್ಮ ಬಾಯಿ ತೆರೆದಳು.

“ಅದೆಲ್ಲ ಸರಿ ಕಣೋ. ಬೆಳಿಗ್ಗೆ ನಾನು ಅಂಗಳದಲ್ಲಿ ನಿಂತಿರ್ತೀನಿ. ಅದು ಸುಮ್ಮನಿರ್ತದೆ. ಆನೆ ಇಲ್ಲ ಅಂತ ಸುಮ್ಮನಿದೆಯೋ, ಸತ್ತು ಸುಮ್ಮನಿದೆಯೋ, ನಂಗೆ ಹೆಂಗೆ ಗೊತ್ತಾಗ್ಬೇಕು?”

ಅವಿನಾಶ ನನ್ನ ಮುಖ ನೋಡಿದ, ನಾನು ಅವನ ಮುಖ ನೋಡಿದೆ. ಇಷ್ಟು ದಿನ ತಲೆ ಕೆಡಿಸಿಕೊಂಡು ಇಬ್ಬರೂ ಕೇಳದ ಪ್ರಶ್ನೆ ಅದು. ಇಬ್ಬರೂ ಒಟ್ಟಿಗೆ ಕೂತು ಇನ್ನೊಂದು ನಾಲ್ಕು ಸಾಲು ಸೇರಿಸಿದೆವು. ಪ್ರತಿದಿನ ಬೆಳಿಗ್ಗೆ ಐದೂವರೆಗೆ, ಕಾಡಿನ ಪೆಟ್ಟಿಗೆಯ ದನಿ ಕೇಳಿಸುತ್ತಿದ್ದರೆ ಮಾತ್ರ, ಸೈರನ್ ಒಮ್ಮೆ ಚಿಕ್ಕದಾಗಿ ‘ಪೀಂ’ ಎನ್ನಬೇಕು. ಪೀಂ ಬಂದರೆ ಪೆಟ್ಟಿಗೆ ಎಚ್ಚರವಿದೆ, ಹೋಗಬಹುದು. ಬರಲಿಲ್ಲವೋ, ಮನೆ ಬಿಡಬಾರದು.

ಪೆಟ್ಟಿಗೆ ಬಿಚ್ಚಲಿಲ್ಲ. ಅವಿನಾಶ ನನ್ನ ಪ್ರೋಗ್ರಾಮನ್ನು ಶೃಂಗೇರಿ ಕಡೆಗೂ ಒಯ್ದ.

ಮೇ ಕೊನೆಯಲ್ಲಿ ಬ್ಯಾಂಡೇಜು ಬಿಚ್ಚಿದರು. ಎರಡು ದಿನ ಎಣ್ಣೆ ತಿಕ್ಕಿಕೊಂಡು ಮೂರನೇ ದಿನಕ್ಕೆ ಗುಡ್ಡಮ್ಮ ಕೆಲಸಕ್ಕೆ ಹೊರಟೇಬಿಟ್ಟಳು. ನಾಲ್ಕು ಬೆಳಗು ಪೀಂ ಬಂತು, ನಾಲ್ಕು ದಿನ ಹೋಗಿಬಂದಳು. ಐದನೆಯ ಬೆಳಿಗ್ಗೆ ಅವಳು ಬಕೆಟ್ಟು, ಗೀರುವ ಕತ್ತಿ ಹಿಡಿದು ಅಂಗಳದಲ್ಲಿ ನಿಂತಿದ್ದಳು. ನಾನು ಹಲ್ಲುಜ್ಜುತ್ತ ಮೊಬೈಲ್ ನೋಡುತ್ತಿದ್ದೆ. ಐದೂವರೆಯಾಯಿತು. ಐದು ಮೂವತ್ತೊಂದಾಯಿತು. ಮೂವತ್ತೈದೂ ಆಯಿತು.

ಪೀಂ ಇಲ್ಲ.

ಹಿಂದಿನ ಸಂಜೆ ಹನಿ ಬೀಳದೆ ಬರೀ ಗುಡುಗಿತ್ತು ಎಂಬುದು ನನಗೆ ಹೊಳೆಯುವ ಮೊದಲೇ ಗುಡ್ಡಮ್ಮ ಬಕೆಟ್ ಕೆಳಗಿಟ್ಟು, ಸೆರಗಿನಿಂದ ಫೋನ್ ತೆಗೆದು ಒತ್ತಿಯಾಗಿತ್ತು.

“ಅಮ್ಮಾ, ಗುಡ್ಡಮ್ಮ. ಎದ್ರಾ? ನಿನ್ನೆ ಎಳೆದ ಪ್ಲಗ್ಗು ಹಾಕಿದ್ದೀರಾ?”

ಆ ಕಡೆಯಿಂದ ಗೋದಾವರಮ್ಮನ ದನಿ ನನಗೂ ಕೇಳಿಸಿತು. “ಅಯ್ಯೋ ದೇವರೇ! ಟೀವಿದೊಂದು ಹಾಕಿ ಮಲಗಿದ್ದು. ಮೋಡೆಮ್ಮಿಂದು ಮರ್ತೇ ಹೋಯ್ತು ಮಾರಾಯ್ತಿ. ತಡಿ, ತಡಿ, ಹೋದೆ.”

ನಾನು ಬ್ರಶ್ ಬಾಯಲ್ಲೇ ಇಟ್ಟುಕೊಂಡು ಎಣಿಸತೊಡಗಿದೆ. ಮೋಡೆಮ್ ಏಳಬೇಕು. ಪೆಟ್ಟಿಗೆ ಏಳಬೇಕು. ಕಾಡಿನದು ‘ಇದ್ದೀಯಾ?’ ಎನ್ನಬೇಕು. ಒಂದು ನಿಮಿಷ. ಒಂದೂವರೆ. ಎರಡು.

ಪೀಂ ಬರಲಿಲ್ಲ. ಬಂದದ್ದು ಇಡೀ ಸೈರನ್! ಊರಿನ ನಾಯಿಗಳೆಲ್ಲ ಒಟ್ಟಿಗೆ ಬೊಗಳಿದವು. ಮನೆಯ ಪೆಟ್ಟಿಗೆಯ ಲಾಗ್ ನನ್ನ ಮೊಬೈಲಿಗೂ ಬರುವ ಹಾಗೆ ಮಾಡಿಕೊಂಡಿದ್ದೆ, ಅದರಲ್ಲಿ ಸಾಲು ಮೂಡಿತು: ಆನೆ ಹಾದದ್ದು ಐದು ಹನ್ನೊಂದಕ್ಕೆ. ಇಪ್ಪತ್ತೈದು ನಿಮಿಷಕ್ಕೂ ಹೆಚ್ಚು ಹೊತ್ತು ಕಾಡಿನ ಪೆಟ್ಟಿಗೆ ಆ ಇಪ್ಪತ್ತೇಳು ಬೈಟುಗಳನ್ನು ಕೈಬಿಡದೆ ಹಿಡಿದುಕೊಂಡು, ದಾರಿ ತೆರೆದ ಕೂಡಲೇ ಕಳಿಸಿತ್ತು. ಕೆಳಗಿನ ತಿರುವಿನ ಕಡೆಯಿಂದ ಆನೆಗೆ ಇಷ್ಟವಾದ ಬೈನೆ ಮರ ಮುರಿದ ಸದ್ದು ಬಂತು, ನಿಧಾನಕ್ಕೆ, ಸಿಗಿದ ಹಾಗೆ.

“ಬಂತು!” ನಾನು ಬ್ರಶ್ ಉಗುಳಿ ಅಂಗಳದಲ್ಲಿ ಎರಡು ಸುತ್ತು ಓಡಿದೆ. “ಚಿಕ್ಕಮ್ಮಾ, ಬಂತು! ಹಿಡಿದಿಟ್ಟಿತ್ತು ನೋಡು, ಬಿಡಲಿಲ್ಲ! ಬಂತು ನೋಡು!”

ಗುಡ್ಡಮ್ಮ ಕತ್ತಿಯನ್ನು ಮಾಡಿನ ಸಂದಿಗೆ ಸಿಕ್ಕಿಸಿ, ಜಗಲಿಯ ಮೇಲೆ ಕೂತು ಎಲೆ ಅಡಿಕೆ ಬಿಚ್ಚಿದಳು.

“ಆನೆ ಬಂದಿದ್ದಕ್ಕೆ ಕುಣೀತೀಯಲ್ಲೋ,” ಎಂದಳು. “ಹೋಗು, ಬಾಯಿ ತೊಳ್ಕೊಂಡು ಕಾಫಿಗಿಡು. ಇವತ್ತು ಹೋಗೋದು ತಡ.”